ಉಬ್ಬರದ ಅನುಗ್ರಹ

ಚಂದ್ರನ ಸೆಳೆತಕ್ಕೆ ಸಮುದ್ರ ಉಬ್ಬಿ ಇಳಿಯುವುದು ಅಲ್ಲಾಹನು ನಿಶ್ಚಯಿಸಿದ ಕ್ರಮ. ಅದಕ್ಕೆ ನಾವು ಬೆಲೆ ತೆತ್ತಿಲ್ಲ.

ದಕ್ಷಿಣ ಕೊರಿಯಾದಲ್ಲಿ 1994ರಲ್ಲಿ ಸಿಹ್ವಾ ಕೊಲ್ಲಿಗೆ ಹನ್ನೆರಡು ಕಿಲೋಮೀಟರಿಗೂ ಉದ್ದದ ಗೋಡೆ ಕಟ್ಟಿ ಸಮುದ್ರವನ್ನು ಹೊರಗಿಟ್ಟರು. ಒಳಗೆ ಕೃಷಿಗೆ ಸಿಹಿನೀರು ನಿಲ್ಲಬೇಕಿತ್ತು. ನಿಂತದ್ದು ಕಾರ್ಖಾನೆಗಳ ಕೊಳಚೆ. ಅರ್ರೂಮ್ ಅಧ್ಯಾಯ ಎಚ್ಚರಿಸುವ ಕೆಡುಕು ಇದೇ ಅಲ್ಲವೇ, ನಮ್ಮದೇ ಕೈಗಳ ಗಳಿಕೆ? ಕೊನೆಗೆ ಅದೇ ಗೋಡೆಯಲ್ಲಿ ಸಮುದ್ರಕ್ಕೆ ದಾರಿ ಬಿಟ್ಟು ಹತ್ತು ಟರ್ಬೈನುಗಳನ್ನಿಟ್ಟರು. 2011ರಿಂದ ಒಳನುಗ್ಗುವ ಉಬ್ಬರವೇ ಆ 254 ಮೆಗಾವ್ಯಾಟ್ ಸ್ಥಾವರವನ್ನು ನಡೆಸುತ್ತಿದೆ. ಕೊಳಕು ನೀರೂ ತಿಳಿಯಾಗುತ್ತ ಬಂದಿದೆ.

ಆದರೆ ಸಹೋದರ ಸಹೋದರಿಯರೇ, ಹೊಗೆಯಿಲ್ಲವೆಂದ ಮಾತ್ರಕ್ಕೆ ಲೆಕ್ಕ ಮುಗಿಯಿತೇ? ಫ್ರಾನ್ಸಿನ ರಾನ್ಸ್ ನದೀಮುಖದಲ್ಲಿ 1966ರ ಸ್ಥಾವರ ಕಟ್ಟಲು ಸುಮಾರು ಮೂರು ವರ್ಷ ಸಮುದ್ರವನ್ನು ತಡೆದಾಗ ಅಲ್ಲಿನ ಜಲಚರಗಳು ಬಹುತೇಕ ನಾಶವಾದವು. ಮತ್ತೆ ಚೇತರಿಸಲು ಸುಮಾರು ಹತ್ತು ವರ್ಷ ಹಿಡಿಯಿತು. ಆ ಮೂಕ ಜೀವಿಗಳ ಹಕ್ಕನ್ನು ಅಂದು ಯಾರು ವಿಚಾರಿಸಿದರು?