ಹಿಂದಿನ ಬಾಡಿಗೆದಾರನ ಯುನಿಟ್ಟುಗಳು

"ಸರ್, ಸಿ ಬರೆಯದಿದ್ದರೆ ಏನಾಗುತ್ತೆ?" ಪಕ್ಕದ ಮನೆಯ ಪಿಯುಸಿ ಹುಡುಗ ಕೇಳಿದ. "ಮಾರ್ಕ್ಸ್ ಹೋಗುತ್ತೆ" ಎಂದೆ. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತು ಹೇಳಿದ್ದೂ ಅಷ್ಟೇ. ಆಮೇಲೆ ನನಗೇ ನಾಚಿಕೆಯಾಯಿತು.

ಎಕ್ಸ್ ವರ್ಗಕ್ಕೆ 5 ಕೂಡಿಸಿ ಅವಕಲನ ಮಾಡಿ, 2ಎಕ್ಸ್ ಬರುತ್ತದೆ. 100 ಕೂಡಿಸಿ ಮಾಡಿ, ಅದೇ 2ಎಕ್ಸ್. ಮೊದಲು ಕೈಯಲ್ಲಿ ಎಷ್ಟಿತ್ತೆಂಬುದು ಅಳಿಸಿಹೋಯಿತು. ಹಿಂದಕ್ಕೆ ಅನುಕಲನ ಮಾಡುವಾಗ ಅಳಿಸಿಹೋದದ್ದಕ್ಕೆ ಒಂದು ಜಾಗ ಬಿಡಬೇಕು; ಅದೇ ಸಿ. ನಮ್ಮಮ್ಮ ಇದಕ್ಕೆ ಪೂರ್ವಾರ್ಜಿತ ಎನ್ನುತ್ತಾಳೆ. ಅಣ್ಣನ ಅಂಗಡಿ ಮುಳುಗಿದಾಗಲೂ, ನನಗೆ ಕೆಲಸ ಸಿಕ್ಕಾಗಲೂ ಅವಳದು ಒಂದೇ ಮಾತು: "ಪಡೆದುಕೊಂಡು ಬಂದದ್ದು ಕಣೋ."

ಆದರೆ ನಿಶ್ಚಿತ ಅನುಕಲನದಲ್ಲಿ ಸಿ ಉಳಿಯುವುದಿಲ್ಲ. ಅದೇ 2ಎಕ್ಸ್‌ಗೆ 1ರಿಂದ 3ರವರೆಗೆ ಎಂದು ಗಡಿ ಹಾಕಿದರೆ 9 ಪ್ಲಸ್ ಸಿಯಲ್ಲಿ 1 ಪ್ಲಸ್ ಸಿ ಕಳೆಯುತ್ತೇವೆ. ಉತ್ತರ 8. ಹುಡುಗನನ್ನು ಬಾಗಿಲ ಪಕ್ಕದ ಕರೆಂಟ್ ಮೀಟರಿನ ಮುಂದೆ ನಿಲ್ಲಿಸಿದೆ. ಅದು ಹಗಲೂ ರಾತ್ರಿ ಮಾಡುವುದೂ ಅನುಕಲನವೇ. ಬಕೆಟ್ಟಿಗೆ ಇಳಿಬಿಡುವ 1000 ವಾಟಿನ ಕಾಯಿಲ್ ಒಂದು ಗಂಟೆ ಉರಿದರೆ ಒಂದು ಯುನಿಟ್. ನಾವು ಈ ಬಾಡಿಗೆ ಮನೆಗೆ ಬಂದ ದಿನ ಮೀಟರ್ 4312 ತೋರಿಸುತ್ತಿತ್ತು. ಹಿಂದಿನವರು ದಿನವಿಡೀ ಗೀಸರ್ ಹಾಕಿದ್ದರೋ, ಕತ್ತಲಲ್ಲೇ ಕೂತಿದ್ದರೋ, ನನಗೇನು? ತಿಂಗಳಿಗೆ 4398 ಆಯಿತು. ಬಿಲ್ಲು ಬಂದದ್ದು 86 ಯುನಿಟ್ಟಿಗೆ. ನಿಗದಿತ ಶುಲ್ಕದ ಮಾತು ಬೇರೆ, ಅದಕ್ಕೆ ಯಾವ ಗಣಿತವೂ ಇಲ್ಲ.

ನಡುಮನೆಯಿಂದ ಅಮ್ಮ ಕೇಳಿದಳು: "ಹಿಂದಿನ ಬಾಡಿಗೆದಾರನೂ ನೀನೇ ಆಗಿದ್ದರೋ? ಮನೆ ಬದಲಾಯಿಸಿದರೆ ಬಾಕಿ ತೀರುತ್ತಾ?"

ಎಂಬತ್ತೆಂಟರ ಹೆಂಗಸು, ಓದಿದ್ದು ನಾಲ್ಕನೇ ಕ್ಲಾಸು. ಅನುಕಲನದ ಆ ನೀಳ ಚಿಹ್ನೆಯನ್ನು 1675ರಲ್ಲಿ ಬರೆದ ಲೈಬ್ನಿಟ್ಸ್ 1710ರಲ್ಲಿ ದೇವರ ನ್ಯಾಯದ ಮೇಲೂ ಒಂದು ಪುಸ್ತಕ ಪ್ರಕಟಿಸಿದ. ಅವನಿದ್ದಿದ್ದರೆ ಅಮ್ಮನ ಜೊತೆ ವಾದಕ್ಕೆ ಕೂರುತ್ತಿದ್ದನೇನೋ. ನನಗೆ ಧೈರ್ಯ ಬರಲಿಲ್ಲ.

ರಾತ್ರಿ ಹೊಳೆಯಿತು. ಸಿ ಎಷ್ಟೆಂದು ಹೇಳಬೇಕಾದರೆ ರೇಖೆ ಹಾದುಹೋಗುವ ಒಂದು ಬಿಂದುವನ್ನಾದರೂ ಪ್ರಶ್ನೆಯಲ್ಲಿ ಕೊಟ್ಟಿರಬೇಕು. ಹಿಂದಿನ ಜನ್ಮದ ಅಂಥ ಒಂದು ಬಿಂದುವನ್ನೂ ಯಾರೂ ನನಗೆ ಕೊಟ್ಟಿಲ್ಲ. ಸಿ ಇಲ್ಲವೆಂದು ನಾನು ಹೇಳಲಾರೆ, ಅದಕ್ಕೊಂದು ಬೆಲೆ ಹಚ್ಚಿ ಅಣ್ಣನ ತಲೆಗೆ ಕಟ್ಟಲೂ ಆರೆ. ಅವನ ಅಂಗಡಿ ಮುಳುಗಿದ್ದು ಕೊಟ್ಟ ಉದ್ರಿ ವಾಪಸ್ ಬಾರದೆ. ಲೆಕ್ಕದ ಪುಸ್ತಕ ಇನ್ನೂ ಅಟ್ಟದ ಮೇಲಿದೆ.