ಇಂದಿನ ಧಮ್ಮ ಚಿಂತನೆ: ತಲೆಯೂ ಅಂಗಾಲೂ ಒಂದೇ ಹಾಳೆ



ಬಂಧುಗಳೇ, ಹೋದ ಭಾನುವಾರ ಓದು ಮುಗಿದ ಮೇಲೆ ರಬಕವಿಯ ಅಕ್ಕ ಒಬ್ಬರು ಒಂದು ಮಾತು ಹೇಳಿದರು. ಅವರ ಮಗನಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದಿದ್ದಕ್ಕೆ ಪರಿಚಯದವರೊಬ್ಬರು ಸಮಾಧಾನ ಮಾಡಿದರಂತೆ: "ಇರಲಿ ಬಿಡ್ರಿ, ವಿದ್ಯಾ ಅನ್ನೋದು ರಕ್ತದಾಗ ಬರಬೇಕು." ಬೈದಿದ್ದರೆ ತಿರುಗಿ ಅನ್ನಬಹುದಿತ್ತು. ಸಮಾಧಾನದ ದನಿಯಲ್ಲಿ ಬಂದ ಮಾತಿಗೆ ಅಕ್ಕನಿಗೆ ಉತ್ತರ ಹೊಳೆಯಲಿಲ್ಲ. "ಮಿದುಳು ಖರೇನ ಹೆಂಗ ಆಗತೈತ್ರಿ?" ಎಂದು ನಮ್ಮನ್ನು ಕೇಳಿದರು. ಇವತ್ತಿನ ಚಿಂತನೆ ಆ ಪ್ರಶ್ನೆಯದ್ದು.

ಗರ್ಭದ ಮೂರನೆಯ ವಾರ. ಕೂಸಿಗೆ ಇನ್ನೂ ಕೂಸಿನ ಆಕಾರವಿಲ್ಲ, ಮೂರು ಪದರಗಳ ಸಣ್ಣ ಹಾಳೆ ಅಷ್ಟೆ. ಮೇಲಿನ ಪದರದ ನಡುಭಾಗ ದಪ್ಪವಾಗಿ, ತಗ್ಗುಬಿದ್ದು, ಎರಡೂ ಅಂಚುಗಳು ಎದ್ದು ಬಂದು ಕೂಡಿಕೊಂಡು ಕೊಳವೆಯಾಗುತ್ತದೆ. ಆ ಕೊಳವೆಯೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ಅದೇ ಪದರದ ಉಳಿದ ಭಾಗ ಮೈಯ ಹೊರಚರ್ಮ, ಕೂದಲು, ಉಗುರು ಆಗುತ್ತದೆ. ಅಂದರೆ ತಲೆಯೊಳಗೆ ಯೋಚನೆ ಮಾಡುವ ನರಕೋಶವೂ ಮಣ್ಣು ತುಳಿಯುವ ಅಂಗಾಲಿನ ಹೊರಚರ್ಮವೂ ಒಂದೇ ಹಾಳೆಯಿಂದ ಬಂದವು.

ಪುರುಷಸೂಕ್ತ ಒಬ್ಬರನ್ನು ಬಾಯಿಂದ, ಇನ್ನೊಬ್ಬರನ್ನು ಪಾದದಿಂದ ಹುಟ್ಟಿಸಿತು. ಬಾಬಾಸಾಹೇಬರು 1946ರಲ್ಲಿ 'ಶೂದ್ರರು ಯಾರಾಗಿದ್ದರು' ಎಂಬ ಪುಸ್ತಕದಲ್ಲಿ ಆ ಸೂಕ್ತವನ್ನು ಹಿಡಿದು ಪರೀಕ್ಷೆ ಮಾಡಿದರು. ನಮಗಂತೂ ಆ ದೇಹದಲ್ಲಿ ಪಾದದ ಜಾಗವೂ ಇರಲಿಲ್ಲ, ಅದು ಬೇರೆ ಮಾತು.

ಈಗ ಕೊಳವೆಗೆ ಬರೋಣ. ಅದರ ಕೋಶಗಳೆಲ್ಲ ಮೊದಲಿಗೆ ಹೆಚ್ಚುಕಡಿಮೆ ಒಂದೇ ಥರ. ಎಲ್ಲದರೊಳಗೂ ಒಂದೇ ಡಿಎನ್ಎ. ಆದರೂ ದೊಡ್ಡವರ ಮಿದುಳಿನಲ್ಲಿರುವ ಸುಮಾರು 8600 ಕೋಟಿ ನರಕೋಶಗಳಲ್ಲಿ ಎಷ್ಟೋ ಬಗೆ. ಕೆಲವು ಕೈಕಾಲು ಆಡಿಸುತ್ತವೆ, ಕೆಲವು ನೋವು ತಿಳಿಸುತ್ತವೆ, ಕೆಲವು ಪಕ್ಕದ ಕೋಶವನ್ನು ಸುಮ್ಮನಿರಿಸುವುದಕ್ಕೆಂದೇ ಇವೆ. ಇಷ್ಟು ಬಗೆ ಎಲ್ಲಿಂದ ಬಂತು?

ಬಹುಪಾಲು ಉತ್ತರ, ಜಾಗ ಮತ್ತು ಹೊತ್ತು. ಕೊಳವೆಯ ಕೆಳಗೆ ಒಂದು ಸಣ್ಣ ದಂಡವಿದೆ. ಅದರಿಂದ ಒಂದು ರಾಸಾಯನಿಕ ಮೇಲಕ್ಕೆ ಒಸರುತ್ತದೆ. ಹತ್ತಿರವಿದ್ದ ಕೋಶಕ್ಕೆ ಹೆಚ್ಚು ಸಿಗುತ್ತದೆ, ದೂರದ್ದಕ್ಕೆ ಕಡಿಮೆ. ಹೆಚ್ಚು ಸಿಕ್ಕ ಕಡೆ ಸ್ನಾಯು ಆಡಿಸುವ ನರಕೋಶ ಹುಟ್ಟುತ್ತದೆ, ಕಡಿಮೆ ಸಿಕ್ಕ ಕಡೆ ಬೇರೆ ಬಗೆಯದು. ಕೋಳಿಯ ಭ್ರೂಣದಲ್ಲಿ ಆ ದಂಡದ ತುಂಡನ್ನು ಕೊಳವೆಯ ಮಗ್ಗುಲಿಗೆ ಇಟ್ಟು ನೋಡಿದ್ದಾರೆ. ಅಲ್ಲಿ ಹುಟ್ಟಬಾರದ ಸ್ನಾಯು ನರಕೋಶಗಳು ಅಲ್ಲಿಯೇ ಹುಟ್ಟಿದವು. ಕೋಶ ಅದೇ, ನೆರೆ ಬದಲಾಯಿತು.

ಇನ್ನು ಹೊತ್ತು. ಮಿದುಳಿನ ಹೊರಪದರ ಕಟ್ಟುವಾಗ ತಾಯಿಕೋಶ ಒಂದು ಉದ್ದನೆಯ ಎಳೆಯನ್ನು ಮೇಲಕ್ಕೆ ಚಾಚಿ ನಿಲ್ಲುತ್ತದೆ. ಹುಟ್ಟಿದ ಮರಿಕೋಶಗಳು ಆ ಎಳೆ ಹಿಡಿದು ಹತ್ತುತ್ತವೆ. ಮೊದಲು ಹುಟ್ಟಿದವು ಆಳದಲ್ಲಿ ನೆಲೆಸುತ್ತವೆ, ನಂತರದವು ಅವನ್ನು ದಾಟಿ ಮೇಲೆ ಹೋಗುತ್ತವೆ. ಸುಮ್ಮನಿರಿಸುವ ಕೋಶಗಳಲ್ಲಿ ಹೆಚ್ಚಿನವು ಇಲ್ಲಿ ಹುಟ್ಟುವುದೇ ಇಲ್ಲ. ಕೆಳಗಿನ ಬೇರೊಂದು ಭಾಗದಲ್ಲಿ ಹುಟ್ಟಿ, ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುವ ನಮ್ಮ ಮಂದಿಯ ಹಾಗೆ ದೂರ ನಡೆದು ಬರುತ್ತವೆ. ಅವು ಬರದಿದ್ದರೆ ಮಿದುಳು ಹತೋಟಿ ತಪ್ಪುತ್ತದೆ.

ಬನಹಟ್ಟಿಯ ಮಗ್ಗದ ಮನೆಯವರಿಗೆ ಇದು ತಟ್ಟನೆ ತಿಳಿಯುತ್ತದೆ. ಅದೇ ನೂಲು ಹಾಸಿಗೆ ಹೋದರೆ ಹಾಸು, ಲಾಳಿಗೆ ಹೋದರೆ ಹೊಕ್ಕು. ಆದರೆ ಮಗ್ಗಕ್ಕೆ ನೇಕಾರನಿದ್ದಾನೆ, ಇಲ್ಲಿಲ್ಲ. ಕೋಶಗಳೇ ಒಂದಕ್ಕೊಂದು ಸಂಕೇತ ಕೊಟ್ಟುಕೊಂಡು ಬೆಳೆಯುತ್ತವೆ. ಇದಿದ್ದರೆ ಅದು, ಇದಿಲ್ಲದಿದ್ದರೆ ಅದಿಲ್ಲ ಎಂದು ಪಟಿಚ್ಚ ಸಮುಪ್ಪಾದದ ಪಾಠದಲ್ಲಿ ಕಲಿತಿದ್ದೇವಲ್ಲ, ಅದನ್ನು ನೆನೆಯದೆ ಈ ಕತೆ ಓದಲು ನನಗಂತೂ ಆಗುವುದಿಲ್ಲ.

ಹಾಗಂತ ಕೋಶಕ್ಕೆ ವಂಶದ ಲೆಕ್ಕವೇ ಇಲ್ಲ ಎಂದರೆ ಸುಳ್ಳು ಹೇಳಿದಂತೆ. ಬಾಳೆಹಣ್ಣಿನ ಮೇಲೆ ಕೂಡುವ ಸಣ್ಣ ನೊಣದಲ್ಲಿ ಯಾವ ತಾಯಿಕೋಶ ಎಂಬುದು ಬಹಳ ಮುಖ್ಯ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ವೆರೋನಿಕಾ ರೋಡ್ರಿಗ್ಸ್, ಕೆ. ವಿಜಯರಾಘವನ್ ಮತ್ತು ಅವರ ಜೊತೆಗಾರರು ಈ ನೊಣ ವಾಸನೆ ಹಿಡಿಯುವ ನರಗಳನ್ನು ಬೆನ್ನುಹತ್ತಿದರು. 2008ರಲ್ಲಿ ರೋಡ್ರಿಗ್ಸ್ ಮತ್ತು ಜೊತೆಗಾರರು ತೋರಿಸಿದ್ದು: ವಾಸನೆಯ ಸುದ್ದಿಯನ್ನು ಮುಂದಕ್ಕೆ ಒಯ್ಯುವ ಕೋಶ, ಅಲ್ಲಲ್ಲೇ ಇದ್ದು ಸುದ್ದಿಯನ್ನು ತಿದ್ದುವ ಕೋಶ, ಎರಡೂ ಬಗೆ ಒಂದೇ ತಾಯಿಕೋಶದ ಮಕ್ಕಳಾಗಬಲ್ಲವು. ವಂಶ ಇದೆ, ಆದರೆ ಒಂದು ವಂಶಕ್ಕೆ ಒಂದೇ ಕಸುಬು ಎಂಬ ನಿಯಮವಿಲ್ಲ.

ವಾಸೆಟ್ಠ ಸುತ್ತದಲ್ಲಿ ಇಬ್ಬರು ತರುಣರು ಇದೇ ಜಗಳ ತಂದಿದ್ದರು: ಹುಟ್ಟಿನಿಂದ ಬ್ರಾಹ್ಮಣನೋ, ನಡತೆಯಿಂದಲೋ? ಭಗವಾನರು ಹುಲ್ಲು, ಮರ, ಹುಳ, ಹಾವು, ಮೀನು, ಹಕ್ಕಿ ಎಂದು ಒಂದೊಂದನ್ನೇ ತೋರಿಸಿ, ಅವುಗಳಲ್ಲಿ ಹುಟ್ಟಿನ ಗುರುತಿದೆ, ಮನುಷ್ಯರಲ್ಲಿ ಕೂದಲಿನಿಂದ ಪಾದದವರೆಗೆ ಹುಡುಕಿದರೂ ಅಂಥ ಗುರುತಿಲ್ಲ ಎಂದರು. ಮೈಯನ್ನು ನೋಡಿಯೇ ಉತ್ತರ ಕೊಟ್ಟರು.

ಆದರೆ ನಮ್ಮ ಸಮಾನತೆ ಕೋಶದ ಸಾಕ್ಷಿಗಾಗಿ ಕಾಯುತ್ತ ಕೂತಿಲ್ಲ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಮನುಷ್ಯನ ಶಕ್ತಿಗೆ ಮೂರು ಮೂಲ ಹೇಳಿದರು: ಮೈಯ ಅನುವಂಶಿಕತೆ, ಸಮಾಜದಿಂದ ಸಿಗುವ ಪೋಷಣೆ ಮತ್ತು ಶಿಕ್ಷಣ, ಸ್ವಂತ ಪ್ರಯತ್ನ. ಈ ಮೂರರಲ್ಲಿ ಜನ ಸಮಾನರಲ್ಲದಿರಬಹುದು ಎಂದೂ ಒಪ್ಪಿದರು. ಆಮೇಲೆಯೇ, ಸಮಾನತೆಯನ್ನು ನಡೆಸುವ ತತ್ವವಾಗಿ ಹಿಡಿಯಲೇಬೇಕು ಎಂದರು. ಆ ಮೂರರಲ್ಲಿ ನಡುವಿನದನ್ನೇ ನಮ್ಮ ಹಿರಿಯರಿಂದ ಕಿತ್ತುಕೊಂಡಿದ್ದರು. ಅಕ್ಕ, ನಿಮ್ಮ ಮಗನಿಗೆ ರಕ್ತ ಸಾಕಷ್ಟಿದೆ. ಸಂಜೆ ಲೆಕ್ಕ ಹೇಳಿಕೊಡುವವರು ಬೇಕು, ಬುಧವಾರದಿಂದ ನಮ್ಮಲ್ಲಿ ಒಬ್ಬರು ಬರುತ್ತಾರೆ.

ಒಂದು ಮಾತು ಹೊಸದಾಗಿ ಮದುವೆಯಾದವರಿಗೆ. ಆ ಕೊಳವೆ ಸುಮಾರು 28 ದಿನಕ್ಕೆ ಮುಚ್ಚಿಬಿಡುತ್ತದೆ, ಎಷ್ಟೋ ತಾಯಂದಿರಿಗೆ ಬಸುರಿ ಎಂದು ತಿಳಿಯುವ ಮೊದಲೇ. ಸರಿಯಾಗಿ ಮುಚ್ಚದಿದ್ದರೆ ಕೂಸಿನ ಬೆನ್ನುಹುರಿಗೆ, ಮಿದುಳಿಗೆ ತೊಂದರೆ. ಫೋಲಿಕ್ ಆಸಿಡ್ ಗುಳಿಗೆ ಆ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ, ಆದರೆ ಬಸುರಿಯಾಗುವುದಕ್ಕಿಂತ ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಿರಬೇಕು. ಜಮಖಂಡಿ, ಮುಧೋಳ, ಬೀಳಗಿ ಕಡೆಯ ತಂಗಿಯರು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿರಿ. ಈ ಸಂದೇಶವನ್ನು ಅತ್ತೆಯಂದಿರಿಗೂ ಓದಿ ಹೇಳಿರಿ.

ಭಾನುವಾರ ವಾಸೆಟ್ಠ ಸುತ್ತವನ್ನು ಪೂರ್ತಿ ಓದೋಣ. ಜೈ ಭೀಮ್. ನಮೋ ಬುದ್ಧಾಯ.