ಮೆಳೆಯ ಬುಡದ ಮುಳ್ಳು

ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬಿದಿರಿನ ಅಧ್ಯಯನಕ್ಕೆಂದು ಉತ್ತರ ಕನ್ನಡದ ಕಾಡಿಗೆ ಬಂದಾಗ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿದ್ದರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಬಿದಿರು ಯಾಕೆ ಬರಿದಾಗುತ್ತಿದೆ ಎಂಬುದನ್ನು ಅವರಿಗೆ ತಿಳಿಸಿಕೊಟ್ಟವರು ಮಾತ್ರ ಊರಿನವರು.

ದಾಂಡೇಲಿಯ ಕಾಗದದ ಕಾರ್ಖಾನೆಗೆ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಕ್ಕಿತ್ತು. ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಿತ್ತು. ಆದರೂ ಬಿದಿರು ಬರಿದಾಯಿತೆಂಬ ದೂರು ಬರುತ್ತಿದ್ದದ್ದು ಹಳ್ಳಿಯವರ ಮೇಲೆ, ಅವರ ದನಗಳ ಮೇಲೆ.

ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬೇಲಿ ಕಟ್ಟಿರುತ್ತವೆ. ಅದನ್ನು ಸವರಿದರೆ ಗಳ ಚೆನ್ನಾಗಿ ಬರುತ್ತದೆಂದು ಅರಣ್ಯ ಇಲಾಖೆ ಸವರಿಸುತ್ತಿತ್ತು. ಮುಳ್ಳು ತೆಗೆದರೆ ಮಳೆಗಾಲದಲ್ಲಿ ಏಳುವ ಕಳಲೆಯನ್ನು ಮಂಗ, ಮುಳ್ಳುಹಂದಿ, ದನ ಎಲ್ಲವೂ ಬಂದು ತಿನ್ನುತ್ತವೆ ಎಂದರು ಊರಿನವರು. ಗಾಡ್ಗೀಳ್ ಪರೀಕ್ಷಿಸಿ ನೋಡಿದರು. ಊರಿನವರ ಮಾತೇ ಸರಿಯಾಗಿತ್ತು.

ಒಂದು ನೆಲವನ್ನು ಅದರ ನೀರು, ಕಾಡು ಮತ್ತು ಅಲ್ಲಿ ಬದುಕುವವರ ಇಂಥ ತಿಳಿವಳಿಕೆಯಿಂದ ಗುರುತಿಸಬೇಕು, ಆಡಳಿತದ ಗಡಿ ಆಮೇಲಿನದು ಎನ್ನುವ ವಿಚಾರಕ್ಕೆ ಜೀವಪ್ರದೇಶವಾದ ಎಂದು ಹೆಸರು. ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ಕೊಟ್ಟ ಪಶ್ಚಿಮಘಟ್ಟ ವರದಿ ನಡೆದದ್ದು ಇದೇ ದಾರಿಯಲ್ಲಿ. ತಾಪಿ ನದಿಯಿಂದ ಕನ್ಯಾಕುಮಾರಿಯವರೆಗೆ, ಆರು ರಾಜ್ಯಗಳಲ್ಲಿ ಹಬ್ಬಿದ ಬೆಟ್ಟಸಾಲನ್ನು ಅದು ಒಂದೇ ಎಂದು ಕಂಡಿತು. ಎಲ್ಲಿ ಏನಿರಬೇಕು ಎಂಬ ತೀರ್ಮಾನ ಗ್ರಾಮಸಭೆಗಳಿಂದ ಮೇಲೆ ಬರಲಿ ಎಂದಿತು. ಮಲೆನಾಡಿನಲ್ಲಿ ಹಬ್ಬಿದ ಸುದ್ದಿಯೇ ಬೇರೆ: ವರದಿ ಜಾರಿಯಾದರೆ ಜನರನ್ನು ಒಕ್ಕಲೆಬ್ಬಿಸುತ್ತಾರೆ ಎಂದು. ಆ ವರದಿ ಯಾರನ್ನೂ ಒಕ್ಕಲೆಬ್ಬಿಸಲು ಹೇಳಿರಲಿಲ್ಲ. ಅದನ್ನು ಸ್ಥಳೀಯ ಭಾಷೆಗಳಿಗೆ ತಂದು ಗ್ರಾಮಸಭೆಗಳ ಮುಂದಿಡಿ ಎಂದು ಗಾಡ್ಗೀಳ್ ಮತ್ತೆ ಮತ್ತೆ ಕೇಳಿದರು. ಅದು ಆಗಿದ್ದರೆ ಈ ಭಯಕ್ಕೆ ಎಡೆಯೇ ಇರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಅವರು ಬೆಳೆಸಿದ ಇನ್ನೊಂದು ಕೆಲಸಕ್ಕೆ ಕಾನೂನಿನ ಬಲವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಮೀನು, ಭತ್ತದ ತಳಿ, ಔಷಧಿಯ ತಿಳಿವಳಿಕೆಯನ್ನೆಲ್ಲ ಊರಿನವರನ್ನೇ ಕೇಳಿ ದಾಖಲಿಸಬೇಕು. ನಿಮ್ಮ ಪಂಚಾಯಿತಿಯ ದಾಖಲೆಯಲ್ಲಿ ಏನು ಬರೆದಿದೆ? ಮುಂದಿನ ಗ್ರಾಮಸಭೆಯಲ್ಲಿ ಅದನ್ನು ತರಿಸಿ, ಎಲ್ಲರ ಮುಂದೆ ಓದಿಸಿ. ನಿಮ್ಮೂರಿನ ಹಿರಿಯರಿಗೆ ಗೊತ್ತಿದ್ದದ್ದು ಅದರಲ್ಲಿ ಬಿಟ್ಟುಹೋಗಿದ್ದರೆ, ಅವರು ಇರುವಾಗಲೇ ಸೇರಿಸಿ.